ಮೂಡು ಪಡು ತಿಳಿಯದೆ ಪಾಣಿಪತ್ತಿನ ಪಾಠವೇ?



ಈ ಪತ್ರಿಕೆಯನ್ನು ಒಂದು ಗಳಿಗೆ ಬದಿಗಿಡಿ. ಮನೆಯಲ್ಲಿ ಶಾಲೆಗೆ ಹೋಗುವ ಮಗು ಇದ್ದರೆ ಹತ್ತಿರ ಕರೆದು ಮೂರೇ ಮೂರು ಪ್ರಶ್ನೆ ಕೇಳಿ. ಒಂದು, ನಮ್ಮ ಮನೆಯ ಬಾಗಿಲು ಯಾವ ದಿಕ್ಕಿಗಿದೆ? ಎರಡು, ಕ್ರಿ.ಶ. 450 ಎಂದರೆ ಎಷ್ಟನೆಯ ಶತಮಾನ? ಮೂರು, ನಿನ್ನ ಅಜ್ಜ ಹುಟ್ಟಿದಾಗ ನಮ್ಮ ಊರು ಯಾವ ರಾಜ್ಯದಲ್ಲಿತ್ತು?

ಮೂರಕ್ಕೂ ಸರಿ ಉತ್ತರ ಬಂದರೆ ಆ ಮಗುವಿಗೆ ಕಲಿಸಿದ ಮಾಷ್ಟ್ರಿಗೆ ಕೈ ಮುಗಿಯಿರಿ. ಬಾರದಿದ್ದರೆ ಮಗುವನ್ನು ಬೈಯಬೇಡಿ. ಅದೇ ಮಗುವಿಗೆ ಪಾಣಿಪತ್ ಕದನಗಳ ಇಸವಿ ಕೇಳಿ. 1526, 1556, 1761 ಎಂದು ಉಸಿರು ತೆಗೆದುಕೊಳ್ಳದೆ ಒಪ್ಪಿಸುತ್ತದೆ. ನೆನಪಿನ ಶಕ್ತಿಗೆ ಏನೂ ಕೊರತೆಯಿಲ್ಲ. ಕೊರತೆ ಇರುವುದು ನಾವು ಕಲಿಸುವ ಕ್ರಮದಲ್ಲಿ.

ನಾನು ದೊಡ್ಡ ಓದಿನವನಲ್ಲ. ಪಿ.ಯು.ಸಿ. ಮುಗಿಸಿ ಅಚ್ಚಿನ ಕೆಲಸಕ್ಕೆ ಇಳಿದವನು. ತ್ರಾಸಿಯಲ್ಲಿ ಸಣ್ಣದೊಂದು ಮುದ್ರಣಾಲಯ ಇಟ್ಟುಕೊಂಡಿದ್ದೇನೆ. ಮದುವೆ ಕಾಗದ, ಬಿಲ್ ಪುಸ್ತಕ, ಯಕ್ಷಗಾನದ ಕರಪತ್ರ, ಜೊತೆಗೆ ಶಾಲೆಗಳ ಪ್ರಶ್ನೆಪತ್ರಿಕೆ. ಎಷ್ಟೋ ವರ್ಷಗಳಿಂದ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆಗಳ ಕರಡು ತಿದ್ದುತ್ತಿದ್ದೇನೆ. ನನ್ನ ಕೈ ಹಾಯ್ದು ಹೋದ ಅಷ್ಟೂ ಹಾಳೆಗಳಲ್ಲಿ ನಮ್ಮ ಹೊಳೆ, ನಮ್ಮ ಕಡಲು, ನಮ್ಮ ನೆಲದ ಬಗ್ಗೆ ಒಂದು ಪ್ರಶ್ನೆಯೂ ಕಾಣಲಿಲ್ಲ. ಪಾಣಿಪತ್ ಬೇಡವೆಂದು ನಾನು ಹೇಳುತ್ತಿಲ್ಲ. ಅದೂ ಬೇಕು. ಆದರೆ ಅ ಆ ಇ ಈ ಕಲಿಯದವನ ಕೈಗೆ ಕಾವ್ಯ ಕೊಟ್ಟರೆ ಏನಾಗುತ್ತದೆ? ಇತಿಹಾಸ, ಭೂಗೋಳಕ್ಕೂ ಒಂದು ಅ ಆ ಇ ಈ ಇದೆ. ದಿಕ್ಕು, ದೂರ, ನಕ್ಷೆ, ನೆಲದ ಬಗೆ, ಕಾಲದ ಲೆಕ್ಕ, ಗಡಿ, ಆಧಾರ. ಇಷ್ಟೇ. ಇವಿಷ್ಟನ್ನೂ ಕಲಿಸಲು ತ್ರಾಸಿಯಂಥ ಒಂದು ಊರು ಸಾಕು, ಮನೆಯ ಕನ್ನಡ ಸಾಕು. ಅದು ಹೇಗೆಂದು ನೋಡೋಣ.

ದಿಕ್ಕು ನಮ್ಮ ಮಾತಿನಲ್ಲೇ ಇದೆ

ತ್ರಾಸಿಯ ಕಡಲ ತಡಿಯಲ್ಲಿ ಮಗುವನ್ನು ಕಡಲಿಗೆ ಮುಖ ಮಾಡಿ ನಿಲ್ಲಿಸಿ. ಮುಂದೆ ಪಡು, ಬೆನ್ನಿಗೆ ಘಟ್ಟದ ಕಡೆ ಮೂಡು, ಎಡಗೈಗೆ ತೆಂಕು, ಬಲಗೈಗೆ ಬಡಗು. ಸೂರ್ಯ ಮೂಡುವ ಕಡೆ ಮೂಡು. ಅವನು ಪಡುವ, ಅಂದರೆ ಮುಳುಗುವ ಕಡೆ ಪಡು. ಹೆಸರೇ ಪಾಠ ಹೇಳುತ್ತದೆ! ಪೂರ್ವ, ಪಶ್ಚಿಮ ಎನ್ನುವುದನ್ನು ಉರು ಹೊಡೆಯಬೇಕು. ಮೂಡು, ಪಡುವನ್ನು ಕಣ್ಣಾರೆ ನೋಡಬಹುದು.

ನಮ್ಮ ಜಿಲ್ಲೆಯ ಊರುಗಳ ಹೆಸರನ್ನೇ ನೋಡಿ. ಮೂಡುಬೆಳ್ಳೆ, ಪಡುಬೆಳ್ಳೆ. ತೆಂಕನಿಡಿಯೂರು, ಬಡಾನಿಡಿಯೂರು. ತೆಂಕ ಎರ್ಮಾಳು, ಬಡಾ ಎರ್ಮಾಳು. ಯಕ್ಷಗಾನದಲ್ಲಿ ತೆಂಕುತಿಟ್ಟು, ಬಡಗುತಿಟ್ಟು. ನಮ್ಮ ಹಿರಿಯರು ದಿಕ್ಕನ್ನು ಮನೆಯ ಹೆಸರಿಗೆ, ಊರಿನ ಹೆಸರಿಗೆ, ಆಟದ ಹೆಸರಿಗೆ ಕಟ್ಟಿ ಇಟ್ಟು ಹೋದರು. ಇಂದು ಆ ಮನೆಗಳ ಮಕ್ಕಳೇ ‘ಈಸ್ಟ್’ ಎಂದರೆ ನಕ್ಷೆಯ ಬಲಬದಿ ಎನ್ನುತ್ತಾರೆ, ಅಂಗಳಕ್ಕೆ ಇಳಿದು ತೋರಿಸು ಎಂದರೆ ತಬ್ಬಿಬ್ಬಾಗುತ್ತಾರೆ. ಮಗುವಿಗೆ ದಿಕ್ಕು ತಿಳಿದಿಲ್ಲ, ದಿಕ್ಕಿನ ಹೆಸರು ಮಾತ್ರ ತಿಳಿದಿದೆ.

ಇನ್ನೊಂದು ಸುಲಭದ ಪಾಠ. ಅಂಗಳದಲ್ಲಿ ಒಂದು ಕೋಲು ನೆಟ್ಟು ನೆರಳು ಗಮನಿಸಿ. ಗಡಿಯಾರದಲ್ಲಿ 12 ಹೊಡೆದಾಗ ನೆರಳು ಅತಿ ಚಿಕ್ಕದಾಗಿರುವುದಿಲ್ಲ. ಸರಾಸರಿ ಅರ್ಧ ಗಂಟೆ ಕಳೆದ ಮೇಲೆ ಆಗುತ್ತದೆ. ಯಾಕೆ? ನಮ್ಮ ದೇಶದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು. ತ್ರಾಸಿ ಇರುವುದು ಸುಮಾರು 74.6 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿ, ಅರ್ಧ ಗಂಟೆ ಚಿಲ್ಲರೆ ಆಗುತ್ತದೆ. ರೇಖಾಂಶ ಎಂಬ ಕಬ್ಬಿಣದ ಕಡಲೆ ಒಂದು ಕೋಲಿನ ನೆರಳಿನಲ್ಲಿ ಕರಗಿ ಹೋಯಿತಲ್ಲ! ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನಮ್ಮ ನೆತ್ತಿಗೇ ಬರುತ್ತಾನೆ, ಕೋಲಿಗೆ ನೆರಳೇ ಇರುವುದಿಲ್ಲ. ಅದು ಅಕ್ಷಾಂಶದ ಪಾಠ. ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ ಬರುತ್ತಾನೆ, ಆದರೆ ಆಗ ನಮ್ಮ ಮಳೆ ಅವನನ್ನು ಕಾಣಗೊಡಬೇಕಷ್ಟೆ.

ದೂರ ಮತ್ತು ನಕ್ಷೆ

ಗಂಗೊಳ್ಳಿಯಿಂದ ಕುಂದಾಪುರ ಎಷ್ಟು ದೂರ? ದೋಣಿಯವನನ್ನು ಕೇಳಿದರೆ ಇಗೋ ಎದುರಿಗೇ ಕಾಣುತ್ತದೆ ಎನ್ನುತ್ತಾನೆ. ರಿಕ್ಷಾದವನನ್ನು ಕೇಳಿದರೆ ಮುಳ್ಳಿಕಟ್ಟೆ, ಹೆಮ್ಮಾಡಿ, ತಲ್ಲೂರು ಸುತ್ತಿ ಹತ್ತು ಕಿ.ಮೀ.ಗೂ ಮೇಲೆ ಎನ್ನುತ್ತಾನೆ. ಇಬ್ಬರೂ ಹೇಳುವುದು ನಿಜ. ನೇರ ದೂರ ಬೇರೆ, ದಾರಿಯ ದೂರ ಬೇರೆ. ಆಸ್ಪತ್ರೆಗೆ ಹೋಗಬೇಕಾದ ಬಸುರಿಗೆ ಲೆಕ್ಕಕ್ಕೆ ಬರುವುದು ದಾರಿಯ ದೂರ. ಅಲ್ಲಿ ಸೇತುವೆ ಬೇಕೆಂದು ಜನ ಯಾಕೆ ಕೇಳುತ್ತಾರೆ ಎಂಬುದು ಮಗುವಿಗೆ ಅರ್ಥವಾದ ದಿನ ಅದಕ್ಕೆ ಭೂಗೋಳ ಅರ್ಥವಾಯಿತೆಂದು ತಿಳಿಯಿರಿ.

ಅಳತೆಪ್ರಮಾಣ ಎಂಬ ಮಾತು ಅಚ್ಚಿನವನಿಗೆ ಹೊಸತಲ್ಲ. ಆಳೆತ್ತರದ ಮನುಷ್ಯನ ಚಿತ್ರವನ್ನು ಎರಡು ಇಂಚಿಗೆ ಇಳಿಸುವಾಗ ಮೂಗು ಎಷ್ಟು ಇಳಿಯಿತೋ ಕಿವಿಯೂ ಅಷ್ಟೇ ಇಳಿಯಬೇಕು. ನಕ್ಷೆಯೂ ಹಾಗೆಯೇ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಪ್ರಮಾಣವನ್ನೂ ದಿಕ್ಕಿನ ಬಾಣವನ್ನೂ ಹಾಕದ ನಕ್ಷೆ ಮೊತ್ತ ಬರೆಯದ ಬಿಲ್ಲಿನ ಹಾಗೆ.

ನಕ್ಷೆ ದೇವರು ಬರೆದದ್ದಲ್ಲ ಎಂಬುದನ್ನೂ ಮಗುವಿಗೆ ಹೇಳಬೇಕು. 1802ರಲ್ಲಿ ಮದರಾಸಿನಲ್ಲಿ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಆರಂಭಿಸಿದ ತ್ರಿಕೋನ ಅಳತೆ ಮಂಗಳೂರಿನ ಕರಾವಳಿಗೆ ಮುಟ್ಟಿದಾಗ, ಹಳೆಯ ನಕ್ಷೆಗಳು ನಮ್ಮ ಪರ್ಯಾಯ ದ್ವೀಪವನ್ನು ಸುಮಾರು 40 ಮೈಲಿ ಹೆಚ್ಚು ಅಗಲ ತೋರಿಸಿದ್ದವೆಂದು ಬಯಲಾಯಿತು. ಅಳೆದವನು ಗೆದ್ದ, ಅಂದಾಜಿನವನು ಸೋತ. ನಕ್ಷೆಯನ್ನು ನಂಬುವುದಕ್ಕೂ ಪ್ರಶ್ನಿಸುವುದಕ್ಕೂ ಅಳತೆ ಗೊತ್ತಿರಬೇಕು.

ಹೊಳೆ ಯಾಕೆ ಕಡಲಿಗೆ ಬೀಳಲಿಲ್ಲ?

ಮರವಂತೆಗೆ ನಾಡಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಕೇಳಬೇಕಾದ ಪ್ರಶ್ನೆಯನ್ನು ಕೇಳುವವರು ಎಷ್ಟು ಮಂದಿ? ಘಟ್ಟದಿಂದ ಕೊಲ್ಲೂರು ಹಾಯ್ದು ಪಡುವಣಕ್ಕೆ ಇಷ್ಟು ದೂರ ಬಂದ ಹೊಳೆ, ಕಡಲಿಗೆ ಕಲ್ಲೆಸೆತದಷ್ಟು ಹತ್ತಿರ ಬಂದ ಮೇಲೂ ಅದಕ್ಕೆ ಬೀಳದೆ ಯಾಕೆ ತಿರುಗಿತು? ಮತ್ತೂ ದೂರ ಹರಿದು, ವಾರಾಹಿ, ಚಕ್ರಾ ಮೊದಲಾದ ಹೊಳೆಗಳನ್ನು ಕೂಡಿ, ಪಂಚಗಂಗಾವಳಿ ಎನಿಸಿಕೊಂಡು, ಗಂಗೊಳ್ಳಿಯ ಅಳಿವೆಯಲ್ಲಿ ಯಾಕೆ ಕಡಲು ಸೇರಿತು?

ಅಲೆಗಳೂ ದಡದುದ್ದಕ್ಕೆ ಓಡುವ ಕಡಲ ನೀರೂ ಮರಳನ್ನು ತಂದು ತಂದು ದಡದಲ್ಲಿ ಉದ್ದನೆಯ ದಿಬ್ಬ ಕಟ್ಟುತ್ತವೆ. ಘಟ್ಟ ಇಳಿದ ಹೊಳೆಗೆ ಸಪಾಟು ನೆಲಕ್ಕೆ ಬಂದ ಮೇಲೆ ವೇಗ ಇರುವುದಿಲ್ಲ. ದಿಬ್ಬ ಒಡೆಯುವ ಕಸುವಿಲ್ಲದೆ ಅದರ ಬೆನ್ನಿಗೇ ಹರಿಯುತ್ತದೆ. ನಾಲ್ಕಾರು ಹೊಳೆಗಳ ನೀರು ಒಂದಾದಲ್ಲಿ ಬಾಯಿ ತೆರೆದುಕೊಳ್ಳುತ್ತದೆ. ಆ ಬಾಯಿಗೇ ನಮ್ಮವರು ಅಳಿವೆ ಎಂದರು. ಅಳಿವೆಯ ಬದಿಯ ಮರಳ ಚಾಚು ಕೋಡಿ. ಹೊಳೆಯ ನಡುವಿನ ದ್ವೀಪ ಕುದ್ರು. ಉಪ್ಪಿನಕುದ್ರು ಗೊತ್ತಲ್ಲ, ಅದೇ ಕುದ್ರು. ಗದ್ದೆಗಳಲ್ಲಿ ತಗ್ಗಿನ ನೀರು ನಿಲ್ಲುವ ನೆಲ ಬೈಲು, ಅದಕ್ಕಿಂತ ಮೇಲಿನದು ಮಜಲು, ಮಳೆಯನ್ನೇ ನಂಬಿದ ಎತ್ತರದ ನೆಲ ಬೆಟ್ಟು. ಹಿಂದಿನ ಕಂದಾಯದ ಕಡತಗಳಲ್ಲೂ ಇವೇ ಹೆಸರು. ಒಂದು ಭೂಗೋಳದ ಪುಸ್ತಕವನ್ನೇ ಬಾಯಲ್ಲಿಟ್ಟುಕೊಂಡು ಓಡಾಡುವ ಮಗುವಿಗೆ ನಾವು ‘ಎಸ್ಚುಅರಿ’ ಎಂಬುದರ ವ್ಯಾಖ್ಯೆ ಬರೆಯಿಸುತ್ತಿದ್ದೇವೆ! ಆ ವ್ಯಾಖ್ಯೆಗೆ ಪೂರ್ತಿ ಅಂಕ ಪಡೆದ ಮಗು ಗಂಗೊಳ್ಳಿ ಬಂದರಿನಲ್ಲಿ ನಿಂತು, ಎದುರಿಗಿರುವುದು ಅದೇ ಎಂದು ಗುರುತಿಸದಿದ್ದರೆ ಆ ಅಂಕಕ್ಕೆ ಬೆಲೆ ಏನು?

ಇದು ಬರೀ ಮಾತಿನ ಮೋಹವಲ್ಲ. ಆ ಮರಳ ದಿಬ್ಬದ ಮೇಲೆಯೇ ಹೆದ್ದಾರಿ ಇದೆ, ಮನೆಗಳಿವೆ. ಮಳೆಗಾಲದಲ್ಲಿ ಕಡಲು ಕೊರೆಯುತ್ತದೆ. ಕಲ್ಲು ಸುರಿದರು, ತಡೆ ಕಟ್ಟಿದರು. ಒಂದು ಕಡೆ ತಡೆ ಕಟ್ಟಿದರೆ ಮರಳು ಇನ್ನೊಂದು ಕಡೆ ಏನಾಗುತ್ತದೆ ಎಂದು ಕೇಳುವ ತಿಳಿವು ಈ ದಡದ ಮಕ್ಕಳಿಗೇ ಇಲ್ಲದಿದ್ದರೆ ನಾಳೆ ಅವರ ಪರವಾಗಿ ಯಾರು ಕೇಳಬೇಕು?

ಉಳಿದ ಜಿಲ್ಲೆಗಳವರು ಇದು ಕರಾವಳಿಯ ಮಾತು, ನಮಗೇನು ಎನ್ನಬೇಡಿ. ಬಯಲುಸೀಮೆಯ ಬಡಗಿನಲ್ಲಿ ಎರೆ, ಮಸಾರಿ ಎನ್ನುತ್ತೀರಿ. ಮಲೆನಾಡಿನಲ್ಲಿ ಕಾನು, ಬ್ಯಾಣ ಎನ್ನುತ್ತೀರಿ. ನಿಮ್ಮ ಮಗುವಿನ ಮೊದಲ ಪಾಠ ಆ ಮಾತುಗಳಲ್ಲಿದೆ.

ಮದುವೆ ಕಾಗದದಲ್ಲಿ ಕಾಲದ ಲೆಕ್ಕ

2025ರ ಯುಗಾದಿಯ ನಂತರ ಮನೆಗೆ ಬಂದ ಆ ವರ್ಷದ ಮದುವೆ ಕಾಗದ ಒಂದನ್ನು ಬಿಡಿಸಿ. ಶಾಲಿವಾಹನ ಶಕೆ 1947, ವಿಶ್ವಾವಸು ಸಂವತ್ಸರ ಎಂದಿರುತ್ತದೆ. ಕೆಳಗೆ 2025 ಎಂದೂ ಇರುತ್ತದೆ. ಒಂದೇ ಮದುವೆಗೆ ಎರಡು ಇಸವಿಯೇ ಎಂದು ಮಗು ಕೇಳಲಿ. ಎಣಿಕೆ ಎಲ್ಲಿಂದ ಶುರು ಮಾಡಿದೆವು ಎಂಬುದರ ಮೇಲೆ ಲೆಕ್ಕ ನಿಂತಿದೆ. ಶಕೆಗೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ಜನವರಿಯಿಂದ ಯುಗಾದಿಯವರೆಗಿನ ದಿನಗಳಿಗೆ 79 ಕೂಡಿಸಬೇಕು. ನಮ್ಮ ಶಿಲಾಶಾಸನಗಳಲ್ಲಿ ಬಹಳಷ್ಟಕ್ಕೆ ಕಾಲ ನಿರ್ಣಯ ಮಾಡುವುದು ಈ ಲೆಕ್ಕದಿಂದಲೇ.

ಸಂವತ್ಸರದ ಹೆಸರಷ್ಟೇ ಇದ್ದರೆ ಸಾಲದು. ಅರುವತ್ತು ಹೆಸರು ಮುಗಿದ ಮೇಲೆ ಮತ್ತೆ ಮೊದಲಿನಿಂದ. ವಿಶ್ವಾವಸು 1965ರಲ್ಲೂ ಬಂದಿತ್ತು, 2025ರಲ್ಲೂ ಬಂತು. ಬರೀ ವಿಶ್ವಾವಸು ಎಂದು ಬರೆದ ಕಾಗದ ಅಜ್ಜನದೋ ಮೊಮ್ಮಗನದೋ? ಹೀಗೆ ಕೇಳಲು ಕಲಿತ ಮಗು ಇತಿಹಾಸದ ಹೊಸಿಲು ದಾಟಿತು.

ಶತಮಾನದ ಗೊಂದಲವೂ ಇಲ್ಲೇ ಬಗೆಹರಿಯಲಿ. ಒಂದರಿಂದ ನೂರು ಒಂದನೆಯ ಶತಮಾನ. ಹಾಗಾದರೆ 401ರಿಂದ 500 ಐದನೆಯದು. ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450, ಅಂದರೆ ಐದನೆಯ ಶತಮಾನ. ನಾಲ್ಕು ಎಂಬ ಅಂಕಿ ಕಂಡು ನಾಲ್ಕನೆಯದು ಎನ್ನುವವರು ಕಾಲೇಜು ಮೆಟ್ಟಿಲು ಹತ್ತಿದವರಲ್ಲೂ ಇದ್ದಾರೆ. ಕ್ರಿ.ಪೂ. 1 ಆದ ಮೇಲೆ ನೇರ ಕ್ರಿ.ಶ. 1 ಬರುತ್ತದೆ, ನಡುವೆ ಸೊನ್ನೆಯ ವರ್ಷವಿಲ್ಲ. ಹಾಗಾಗಿ ಕ್ರಿ.ಪೂ. 50ರಿಂದ ಕ್ರಿ.ಶ. 50ಕ್ಕೆ ನೂರಲ್ಲ, ತೊಂಬತ್ತೊಂಬತ್ತು ವರ್ಷ.

ಮನೆ ಕದಲಲಿಲ್ಲ, ವಿಳಾಸ ಬದಲಾಯಿತು

ಈಗ ಮೂರನೆಯ ಪ್ರಶ್ನೆಗೆ ಬನ್ನಿ. ತ್ರಾಸಿಯ ಒಂದೇ ಮನೆಯಲ್ಲಿ, ಒಂದೇ ಜಗಲಿಯ ಮೇಲೆ, 1950ರಲ್ಲಿ ಹುಟ್ಟಿದವರು ಮದರಾಸು ರಾಜ್ಯದಲ್ಲಿ ಹುಟ್ಟಿದರು. 1960ರಲ್ಲಿ ಹುಟ್ಟಿದ ಅವರ ತಮ್ಮ ಮೈಸೂರು ರಾಜ್ಯದವನು, ಯಾಕೆಂದರೆ 1956ರ ನವೆಂಬರ್ 1ರಂದು ನಾವು ಮೈಸೂರಿಗೆ ಸೇರಿದೆವು. 1980ರಲ್ಲಿ ಹುಟ್ಟಿದ ಮಗ ಕರ್ನಾಟಕದವನು, 1973ರಲ್ಲಿ ಆ ಹೆಸರು ಬಂದಿತ್ತು. ಆದರೆ ಅವನು ದಕ್ಷಿಣ ಕನ್ನಡ ಜಿಲ್ಲೆಯವನು. 2000ದ ಮೊಮ್ಮಗಳು ಉಡುಪಿ ಜಿಲ್ಲೆಯವಳು, 1997ರಲ್ಲಿ ಜಿಲ್ಲೆ ಒಡೆದಿತ್ತು. 2018ರಲ್ಲಿ ಬೈಂದೂರು, ಬ್ರಹ್ಮಾವರ ಹೊಸ ತಾಲೂಕುಗಳಾದಾಗ ಅಂಗಡಿಗಳ ಬಿಲ್ ಪುಸ್ತಕಗಳಲ್ಲಿ ಕುಂದಾಪುರ ತಾಲೂಕು ತೆಗೆದು ಬೈಂದೂರು ತಾಲೂಕು ಎಂದು ಅಚ್ಚು ಹಾಕಿಕೊಟ್ಟವನು ನಾನೇ. ಮನೆಗಳು ಒಂದಡಿಯೂ ಕದಲಿರಲಿಲ್ಲ.

ಗಡಿ ಮನುಷ್ಯ ಎಳೆದದ್ದು, ಮನುಷ್ಯನೇ ಅಳಿಸುತ್ತಾನೆ ಎಂಬ ಪರಿಕಲ್ಪನೆಗೆ ಇದಕ್ಕಿಂತ ಪಾಠ ಬೇಕೇ? ಬ್ರಿಟಿಷರು 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಕೊಟ್ಟರು, ನಮ್ಮನ್ನು ಮದರಾಸಿನಲ್ಲಿ ಉಳಿಸಿದರು. ಅಲ್ಲಿಂದ 1956ರವರೆಗೆ ಶಿರೂರಿನವನು ಮದರಾಸಿನವನು, ಪಕ್ಕದ ಭಟ್ಕಳದವನು ಮುಂಬಯಿಯವನು! ಇಬ್ಬರ ಮನೆಯ ಅಂಗಳಕ್ಕೂ ಒಂದೇ ಮಳೆ, ಇಬ್ಬರ ಊರಿನಲ್ಲೂ ಕನ್ನಡ. ಏಕೀಕರಣ ಎಂದರೇನು ಎಂದು ನಮ್ಮ ಮಕ್ಕಳಿಗೆ ತಿಳಿಯಬೇಕಾದರೆ ಮೊದಲು ಈ ಗಡಿ ತಿಳಿಯಬೇಕು.

ಆಧಾರವಿಲ್ಲದ ಅಭಿಮಾನ

ಪರಶುರಾಮ ಕೊಡಲಿ ಎಸೆದ, ಕಡಲು ಹಿಂದೆ ಸರಿದು ಈ ನೆಲ ಎದ್ದಿತು ಎಂಬ ಐತಿಹ್ಯ ನಮ್ಮಲ್ಲಿದೆ. ನಾನೂ ಕೇಳಿ ಬೆಳೆದವನೇ. ಐತಿಹ್ಯಕ್ಕೆ ಕೈ ಮುಗಿಯೋಣ, ಆದರೆ ಅದಕ್ಕೆ ಇಸವಿ ಹಾಕುವುದು ಬೇಡ. ಇತಿಹಾಸಕ್ಕೆ ಆಧಾರ ಬೇಕು. ಬಾರಕೂರಿನ ಕಲ್ಲುಗಳು ಆಧಾರ. ಆಳುಪರ ರಾಜಧಾನಿ ಆಗಿದ್ದ, ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂದೇ ಕರೆಸಿಕೊಂಡ ಊರದು. ಬಸರೂರನ್ನು ಬಾರ್ಸಿಲೋರ್ ಎಂದು ಬರೆದ ಪೋರ್ಚುಗೀಸರ ಕಡತಗಳೂ ಆಧಾರ. 1665ರಲ್ಲಿ ಶಿವಾಜಿಯ ಹಡಗುಗಳು ಅದೇ ಬಸರೂರಿಗೆ ದಾಳಿಯಿಟ್ಟವು. ಒಂದೇ ಘಟನೆಯನ್ನು ಗೆದ್ದವನು ಒಂದು ರೀತಿ ಬರೆಯುತ್ತಾನೆ, ಕಳೆದುಕೊಂಡವನು ಇನ್ನೊಂದು ರೀತಿ. ಬರೆದವರು ಯಾರು, ಯಾವಾಗ, ಯಾರಿಗಾಗಿ ಎಂದು ಕೇಳಬೇಕು.

ದೊಡ್ಡ ಕಲ್ಲೇ ಆಗಬೇಕೆಂದಿಲ್ಲ. ಮನೆಯ ಪೆಟ್ಟಿಗೆಯಲ್ಲಿರುವ ಮೂಲಗೇಣಿ ಚೀಟಿ ಆಧಾರ. 1974ರ ಭೂ ಸುಧಾರಣೆಯ ಕಾಲದ ಡಿಕ್ಲರೇಶನ್ ಕಾಗದ ಆಧಾರ. ಉಳುವವನು ಒಡೆಯನಾದ ಕಥೆ ನಮ್ಮ ಊರಿನ ಎಷ್ಟೋ ಮನೆಗಳ ಸ್ವಂತ ಇತಿಹಾಸ. ಅಜ್ಜಿಯನ್ನು ಕೇಳಿ, ಕಾಗದವನ್ನು ನೋಡಿ, ಎರಡನ್ನೂ ತಾಳೆ ಹಾಕಿ. ಇದೇ ಇತಿಹಾಸಕಾರನ ಕೆಲಸ. ಹತ್ತು ವರ್ಷದ ಮಗು ಮಾಡಬಲ್ಲ ಕೆಲಸ.

ಇಷ್ಟೆಲ್ಲ ಯಾಕೆ ಹೇಳುತ್ತೇನೆ ಎಂದರೆ, ಕಾಸರಗೋಡು. ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಹೋಯಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗಿನ ಭಾಗ ಮೈಸೂರಿಗೆ ಬರಬೇಕೆಂದು ಹೇಳಿತು. ಅದು ಜಾರಿಗೆ ಬರಲೇ ಇಲ್ಲ. ಈ ವಿಷಯದಲ್ಲಿ ನಮ್ಮ ವೇದಿಕೆಗಳ ಮೇಲೆ ಗಂಟಲು ಹರಿಯುವಂತೆ ಕೂಗುವವರಿದ್ದಾರೆ. ಒಳ್ಳೆಯದೇ. ಆದರೆ ಚಂದ್ರಗಿರಿ ಎಲ್ಲಿ ಹರಿಯುತ್ತದೆ, ಅದರ ಬಡಗಿಗೆ ಯಾವ ಊರುಗಳಿವೆ ಎಂದು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಬಲ್ಲವರು ಆ ಕೂಗಿನಲ್ಲಿ ಎಷ್ಟು ಜನ? ಆಯೋಗದ ಮುಂದೆ ಕೂಗು ನಡೆಯುವುದಿಲ್ಲ. ನಕ್ಷೆ, ಜನಗಣತಿ, ಶಾಲೆಯ ದಾಖಲೆ, ಊರಿನ ಹೆಸರು, ಇವು ನಡೆಯುತ್ತವೆ. 2021ರಲ್ಲಿ ಕಾಸರಗೋಡಿನ ಕನ್ನಡ ಊರುಗಳ ಹೆಸರು ಬದಲಾಗುತ್ತಿದೆ ಎಂದು ಸುದ್ದಿಯಾದಾಗ ನಾವೆಲ್ಲ ಸಿಟ್ಟಾದೆವು. ನಮ್ಮ ಊರಿನ ಬೈಲು, ಕುದ್ರು, ಹಾಡಿಗಳ ಹೆಸರನ್ನು ನಾವೇ ಮರೆಯುತ್ತಿರುವುದಕ್ಕೆ ಯಾರ ಮೇಲೆ ಸಿಟ್ಟಾಗೋಣ?

ಏನು ಮಾಡಬೇಕು?

ನಮ್ಮ ರಾಜ್ಯ ಪಠ್ಯಕ್ರಮದಲ್ಲಿ ಐದನೆಯ ತರಗತಿಯವರೆಗೆ ಪರಿಸರ ಅಧ್ಯಯನ, ಆರರಿಂದ ಸಮಾಜ ವಿಜ್ಞಾನ. ಸರಕಾರ ಪುಸ್ತಕ ಬದಲಿಸಲಿ ಎಂದು ಕಾಯಬೇಡಿ. ಪ್ರತಿ ಶಾಲೆಯ ಐದನೆಯ ತರಗತಿಯ ಮಕ್ಕಳು ವರ್ಷಕ್ಕೆ ಮೂರು ಹಾಳೆ ಮಾಡಲಿ. ಒಂದು, ಊರಿನ ನಕ್ಷೆ. ಹೆಜ್ಜೆಯಲ್ಲಿ ಅಳೆದದ್ದಾದರೂ ಸರಿ, ಪ್ರಮಾಣ ಮತ್ತು ದಿಕ್ಕಿನ ಬಾಣ ಇರಬೇಕು. ಎರಡು, ಊರಿನ ಇಸವಿ ಪಟ್ಟಿ. ಶಾಲೆ ಯಾವಾಗ ಬಂತು, ವಿದ್ಯುತ್ ಯಾವಾಗ ಬಂತು, ಪ್ರತಿಯೊಂದರ ಎದುರಿಗೂ ಯಾರು ಹೇಳಿದ್ದು ಅಥವಾ ಯಾವ ಕಾಗದದಲ್ಲಿ ನೋಡಿದ್ದು ಎಂದು ಬರೆಯಬೇಕು. ಮೂರು, ಊರಿನ ನೆಲ ನೀರಿನ ಮಾತುಗಳ ಪಟ್ಟಿ, ಪಕ್ಕದಲ್ಲಿ ಪುಸ್ತಕದ ಮಾತು.

ಇಂಗ್ಲಿಷ್ ಮಾಧ್ಯಮದವರಿಗೆ ಇದೆಲ್ಲ ಆಗದು ಎನ್ನುವ ತಂದೆತಾಯಿಯರಿಗೆ ಒಂದು ಮಾತು. ಅಳಿವೆಯನ್ನು ಕಂಡ ಮಗುವಿಗೆ ಅದರ ಇಂಗ್ಲಿಷ್ ಹೆಸರು ಕಲಿಯಲು ಒಂದು ನಿಮಿಷ ಸಾಕು. ಇಂಗ್ಲಿಷ್ ಹೆಸರು ಮಾತ್ರ ಕಲಿತ ಮಗುವಿಗೆ ಅಳಿವೆ ಕಾಣಲು ಹತ್ತು ವರ್ಷವೂ ಸಾಲದೇ ಹೋಗಬಹುದು. ಅಂಕ ಕಡಿಮೆಯಾದೀತೆಂಬ ಭಯವೂ ಬೇಡ. ಕೋಲಿನ ನೆರಳು ನೋಡಿದ ಮಗು ರೇಖಾಂಶದ ಪ್ರಶ್ನೆಗೆ ತಪ್ಪು ಬರೆಯುವುದಿಲ್ಲ.

ಸಂಘಟನೆಯ ಗೆಳೆಯರೇ, ನವೆಂಬರ್ ತಿಂಗಳಲ್ಲಿ ಬಾವುಟಕ್ಕೂ ಬ್ಯಾನರಿಗೂ ನೀವು ಕೊಡುವ ಹಣದಲ್ಲಿ ನನ್ನಂಥವರ ಹೊಟ್ಟೆ ತುಂಬುತ್ತದೆ, ಇಲ್ಲವೆನ್ನುವುದಿಲ್ಲ. ಈ ಸಲ ಒಂದು ಬ್ಯಾನರ್ ಕಡಿಮೆ ಮಾಡಿ ನಿಮ್ಮ ಊರಿನ ಶಾಲೆಗೆ ಅಳತೆಯ ಟೇಪು, ದಿಕ್ಸೂಚಿ, ತಾಲೂಕಿನ ಒಂದು ದೊಡ್ಡ ನಕ್ಷೆ ಕೊಡಿಸಿ. ನಮ್ಮ ಸುತ್ತಿನ ಯಾವ ಶಾಲೆಯ ಮಕ್ಕಳಾದರೂ ತಮ್ಮ ಊರಿನ ನಕ್ಷೆ ಬರೆದು ತಂದರೆ ಕಾಗದದ ಖರ್ಚಿಗೆ ಮುದ್ರಿಸಿಕೊಡುತ್ತೇನೆ, ಕೂಲಿ ಬೇಡ. ಒಂದು ಕಡೆ ಕಡಲು, ಒಂದು ಕಡೆ ಹೊಳೆ, ಮೇಲ್ಗಡೆ ಬಡಗು ಎಂದು ಕನ್ನಡದಲ್ಲಿ ಬರೆದಿರಬೇಕು, ಅಷ್ಟೇ.